ಮಂಡಿ ಶಸ್ತ್ರಚಿಕಿತ್ಸೆಯಾದ ತಾಯಿಯನ್ನು ಕರೆದುಕೊಂಡು ಆಗುಂಬೆಯ ಕಾಡಿನಲ್ಲಿ ನಡೆಯಲು ಸುಲಭವಾದ ಹಾದಿಗಳಿವೆಯೇ?

ಹೊಳೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನನ್ನ ತಾಯಿಗೆ ಈಗ 71 ವರ್ಷ. ಅವರು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆಯಲ್ಲಿ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೂ ವರ್ಷಕ್ಕೊಮ್ಮೆ ತವರಿಗೆ ಹೋಗಿ ಬರುತ್ತಿದ್ದರು. ಅಜ್ಜ ಅಜ್ಜಿ ತೀರಿಕೊಂಡು, ಮನೆಯೂ ಕೈಬಿಟ್ಟುಹೋದ ನಂತರ ಸುಮಾರು 15 ವರ್ಷಗಳಿಂದ ಅವರು ಕಾಡಿನ ನೆಲವನ್ನು ಮೆಟ್ಟಿಲ್ಲ. ಕಳೆದ ವರ್ಷ ಅವರ ಬಲ ಮಂಡಿಯ ಕೀಲನ್ನು ಬದಲಿಸಲಾಯಿತು. ಈಗ ಕೋಲು ಹಿಡಿದುಕೊಂಡು, ನಡುವೆ ಒಂದೆರಡು ಸಲ ಕುಳಿತು, ಸಮತಟ್ಟಾದ ನೆಲದಲ್ಲಿ ಒಂದೂವರೆ ಕಿ.ಮೀ. ನಡೆಯುವಷ್ಟು ಚೇತರಿಸಿಕೊಂಡಿದ್ದಾರೆ. ಮೆಟ್ಟಿಲು ಇಳಿಯುವುದು ಮಾತ್ರ ಅವರಿಗೆ ಇನ್ನೂ ಕಷ್ಟ.

ಕೆಲವು ತಿಂಗಳ ಹಿಂದೆ "ಹಿರಿಯರಿಗೂ ಸುಲಭ" ಎಂಬ ಮಾತನ್ನು ನಂಬಿ ಅವರನ್ನು ಒಂದು ಚಾರಣದ ತಂಡದೊಂದಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಗೆ ತಲುಪಿದ ಮೇಲೆ ತಿಳಿದದ್ದೇನೆಂದರೆ, ಹಾದಿಯಲ್ಲಿ ಅರ್ಧದಷ್ಟು ಕಡಿದಾದ ಮೆಟ್ಟಿಲುಗಳಿದ್ದವು, ಉಳಿದರ್ಧ ಸಾಲು ಹಿಡಿದು ನೆಟ್ಟ ಅಕೇಶಿಯಾ ತೋಪಾಗಿತ್ತು. ಅಮ್ಮ ವಾಹನದಲ್ಲಿಯೇ ಕುಳಿತು ನಮ್ಮ ದಾರಿ ಕಾದರು. ಮರಳಿ ಬರುವಾಗ ಅವರು ಹೇಳಿದ್ದು ಒಂದೇ ಮಾತು: "ಇದು ಕಾನಲ್ಲ ಮಗಾ, ಸೌದೆ ತೋಟ." ಕಾನು ಎಂದರೆ ಅವರ ಕಡೆ ತಾನಾಗಿ ಬೆಳೆದ ದಟ್ಟ ಕಾಡು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. ಆಗುಂಬೆ, ಸೋಮೇಶ್ವರ, ಕುದುರೆಮುಖದ ಆಸುಪಾಸಿನಲ್ಲಿ, ನೆಡುತೋಪಲ್ಲದ ನಿಜವಾದ ಮಳೆಕಾಡಿನ ನಡುವೆ, ಅಮ್ಮ ಮತ್ತು ನನ್ನ ಎಂಟು ವರ್ಷದ ಮಗಳು ಇಬ್ಬರೂ ನಡೆಯಬಹುದಾದ ಹಾದಿಗಳು ಯಾವುವು? ಜಲಪಾತ, ಶಿಖರ ಯಾವುದೂ ನಮಗೆ ಬೇಡ. ಹೋಗುವುದು ಯಾವ ತಿಂಗಳಾದರೆ ಒಳ್ಳೆಯದು? ಸುರಗಿ ಹೂ ಅರಳುವ ಕಾಲದಲ್ಲಿ ಹೋಗಬೇಕೆಂಬ ಆಸೆ ಅಮ್ಮನಿಗಿದೆ. ನಿಯಮ ಮುರಿದು ಎಲ್ಲಿಗೂ ನುಗ್ಗುವ ಇಚ್ಛೆ ನಮಗಿಲ್ಲ. ಅನುಮತಿ ಬೇಕಾದರೆ ಅದನ್ನೂ ತಿಳಿಸಿಕೊಡಿ.

ತುಂಗಾತೀರ

ನಿಮ್ಮ ತಾಯಿಯವರ ಮಾತು ಓದಿ ಸಂತೋಷವಾಯಿತು. ಕಾನಿಗೂ ತೋಪಿಗೂ ವ್ಯತ್ಯಾಸ ತಿಳಿದವರನ್ನು ಕರೆದುಕೊಂಡು ಹೋಗುತ್ತಿದ್ದೀರಿ. ಆದ್ದರಿಂದ ಜಾಗದ ಆಯ್ಕೆಯಲ್ಲಿ ಎಚ್ಚರ ಬೇಕು.

ನಾನು ಇದೇ ಸೀಮೆಯವನು. ಮೊದಲು ಯಾವುದು ಬೇಡ ಎಂಬುದನ್ನು ಹೇಳಿಬಿಡುತ್ತೇನೆ. ಕುದುರೆಮುಖದ ಹನುಮಾನಗುಂಡಿ ಜಲಪಾತ ಸುಂದರವಾದ ಜಾಗ, ಆದರೆ ಅಲ್ಲಿ ನೀರಿನ ಬುಡಕ್ಕೆ ಹೋಗಬೇಕಾದರೆ ನೂರಾರು ಮೆಟ್ಟಿಲು ಇಳಿಯಬೇಕು. ಕಿಗ್ಗದ ಬಳಿಯ ಸಿರಿಮನೆಯಲ್ಲಿಯೂ ಮೆಟ್ಟಿಲುಗಳೇ. ನರಸಿಂಹಪರ್ವತ, ಕುರಿಂಜಾಲು, ಗಂಗಡಿಕಲ್ಲು ಎಲ್ಲವೂ ಏರುದಾರಿಗಳು. ಒನಕೆ ಅಬ್ಬಿಯ ಹಾದಿ ಕಾಡಿನ ನಡುವೆಯೇ ಸಾಗುತ್ತದೆಯಾದರೂ ನಿಮ್ಮ ತಾಯಿಯವರಿಗೆ ಅದು ಉದ್ದವಾಯಿತು.

ಹಾಗಾದರೆ ಎಲ್ಲಿಗೆ ಹೋಗಬೇಕು? ನನ್ನ ಸಲಹೆ ನಿಮಗೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು: ರಸ್ತೆಯಲ್ಲಿ ನಡೆಯಿರಿ. ಆಗುಂಬೆ ಪೇಟೆಯಿಂದ ಮಲ್ಲಂದೂರಿನ ಕಡೆಗೆ ಹೋಗುವ ಕಿರಿದಾದ ರಸ್ತೆಯ ಇಕ್ಕೆಲದಲ್ಲಿಯೂ ನಿತ್ಯಹರಿದ್ವರ್ಣದ ಕಾಡಿದೆ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಅಲ್ಲಿ ವಾಹನ ವಿರಳ. ಕಾಲಿಗೆ ಬೇರು ತೊಡರುವುದಿಲ್ಲ, ಪಾಚಿಯ ಮೇಲೆ ಜಾರುವ ಭಯವಿಲ್ಲ, ದಣಿವಾದರೆ ಕಾರನ್ನು ಹತ್ತಿರಕ್ಕೆ ಕರೆಸಿಕೊಳ್ಳಬಹುದು. ನಮ್ಮ ಕಡೆಯ ವಯಸ್ಸಾದವರು ಈಗಲೂ ಬೆಳಗಿನ ನಡಿಗೆಗೆ ಇಂಥ ರಸ್ತೆಗಳನ್ನೇ ನೆಚ್ಚಿಕೊಂಡಿದ್ದಾರೆ. ಕಾಡನ್ನು ಕಾಣಲು ಕಾಲುದಾರಿಯೇ ಬೇಕೆಂಬುದು ಹೊರಗಿನಿಂದ ಬಂದವರ ಕಲ್ಪನೆ.

ಅದೇ ರಸ್ತೆಯಲ್ಲಿ ಮೂರ್ನಾಲ್ಕು ಕಿ.ಮೀ. ಮುಂದೆ ಹೋದರೆ ಜೋಗಿಗುಂಡಿಗೆ ಹೋಗುವ ಕಾಲುದಾರಿ ಸಿಗುತ್ತದೆ. ರಸ್ತೆಯಿಂದ ಗುಂಡಿಯವರೆಗಿನ ದಾರಿ ಒಂದು ಕಿ.ಮೀ.ಗೂ ಕಡಿಮೆ, ನೆರಳು ದಟ್ಟವಾಗಿದೆ. ಆದರೆ ಕೊನೆಯ ಭಾಗ ಕಲ್ಲುಕಲ್ಲಾಗಿರುವುದರಿಂದ ನಿಮ್ಮ ತಾಯಿಯವರು ಅಲ್ಲಿಗೆ ಇಳಿಯುವುದು ಬೇಡ. ಮೊದಲ ಇನ್ನೂರು ಮುನ್ನೂರು ಹೆಜ್ಜೆ ನಡೆದು, ದಾರಿ ಇಳಿಯತೊಡಗುವ ಮೊದಲೇ ನಿಂತುಬಿಡಿ. ಗುಂಡಿ ನೋಡಲು ಚಿಕ್ಕದಾದರೂ ಬಹಳ ಆಳವಿದೆ. ಮಗುವನ್ನು ನೀರಿಗೆ ಇಳಿಸಲೇಬೇಡಿ.

ಸಂಜೆ ಬಿಡುವಿದ್ದರೆ ಕುಂದಾದ್ರಿಗೆ ಹೋಗಿ. ಬಹುಪಾಲು ಮೇಲಿನವರೆಗೆ ವಾಹನ ಹೋಗುತ್ತದೆ, ಪಾರ್ಶ್ವನಾಥ ಬಸದಿಯ ಮುಂದೆ ಕುಳಿತರೆ ಸುತ್ತಲಿನ ಕಾಡೆಲ್ಲ ಕಣ್ಣೆದುರಿಗೆ ಬರುತ್ತದೆ.

ಕಾಲದ ವಿಚಾರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುವ ಊರಿದು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಸುರಿದ ದಾಖಲೆಯಿದೆ. ಮಳೆ ಹಿಂದೆ ಸರಿದು, ಹಳ್ಳಗಳಲ್ಲಿ ನೀರು ಇನ್ನೂ ತುಂಬಿರುವ ದೀಪಾವಳಿಯ ನಂತರದ ಮೂರ್ನಾಲ್ಕು ವಾರಗಳು ಎಲ್ಲಕ್ಕಿಂತ ಉತ್ತಮ. ಇಂಬಳದ (ಜಿಗಣೆಯ) ಕಾಟವೂ ಆಗ ಇಳಿದಿರುತ್ತದೆ. ಪೂರ್ತಿ ಹೋಗಿರುವುದಿಲ್ಲ, ಒಂದು ಚಿಟಿಕೆ ಉಪ್ಪನ್ನೋ ಹೊಗೆಸೊಪ್ಪಿನ ಪುಡಿಯನ್ನೋ ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡಿರಿ. ಈ ಪಾಠವನ್ನು ನಿಮ್ಮ ತಾಯಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಲೆಗುರುತು

ತುಂಗಾತೀರ ಅವರು ಹೇಳಿದ ರಸ್ತೆಯ ನಡಿಗೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಕುಂದಾದ್ರಿಯ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿದೆ. ಅದು ಹೆಬ್ಬಂಡೆ. ಅಲ್ಲಿಂದ ಕಾಡನ್ನು ಮೇಲಿನಿಂದ ನೋಡಬಹುದೇ ಹೊರತು ಕಾಡಿನೊಳಗೆ ಇರಲಾಗದು. ಕೇಳಿದವರ ತಾಯಿಗೆ ಬೇಕಾಗಿರುವುದು ಒಳಗಿನ ತಂಪು ಮತ್ತು ವಾಸನೆ ಎಂದು ನನಗೆ ತೋರುತ್ತದೆ. ಎರಡು ಬೆಳಗುಗಳಿದ್ದರೆ ಎರಡನ್ನೂ ಒಂದೇ ರಸ್ತೆಗೆ ಮೀಸಲಿಡಿ. ಮೊದಲ ದಿನ ಕಾಣದ್ದು ಎರಡನೆಯ ದಿನ ಕಾಣುತ್ತದೆ.

ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ನನ್ನ ಅನುಭವದಲ್ಲಿ ಅರ್ಧ ಕಿ.ಮೀ.ಗೆ ಎರಡು ಗಂಟೆ ಬೇಕಾಗುವ ನಡಿಗೆಯೇ ಮಳೆಕಾಡಿಗೆ ತಕ್ಕ ನಡಿಗೆ. ಹುಲ್ಲುಗಾವಲಿನಲ್ಲಿ ನೋಟ ದೂರ ಹರಿಯುತ್ತದೆ, ನಡೆದಷ್ಟೂ ಹೊಸದು ಕಾಣುತ್ತದೆ. ಇಲ್ಲಿ ಹತ್ತು ಮಾರು ದೂರಕ್ಕೆ ನೋಟ ಮುಗಿದುಹೋಗುತ್ತದೆ; ನಿಂತವರಿಗೆ ಮಾತ್ರ ಕಾಣುತ್ತದೆ. ವೇಗವಾಗಿ ನಡೆಯಲಾಗದ ನಿಮ್ಮ ತಾಯಿಯವರಿಗೂ, ಒಂದೆಡೆ ನಿಲ್ಲದ ನಿಮ್ಮ ಮಗಳಿಗೂ ಇದೇ ಸರಿಹೊಂದುವ ಜಾಗ.

ನಿಜವಾದ ಕಾಡನ್ನು ಗುರುತಿಸುವುದು ಹೇಗೆಂದು ನಿಮ್ಮ ಮಗಳಿಗೆ ಹೇಳಿಕೊಡಬೇಕಾದರೆ ನೆಲದಿಂದ ಆರಂಭಿಸಿ. ಒಂದು ಹೆಜ್ಜೆಯಗಲದ ಜಾಗದಲ್ಲಿ ಬಿದ್ದಿರುವ ತರಗೆಲೆಗಳಲ್ಲಿ ಎಷ್ಟು ಬಗೆಯಿವೆ ಎಂದು ಅವಳು ಎಣಿಸಲಿ. ಅಕೇಶಿಯಾ ತೋಪಿನಲ್ಲಿ ಕುಡುಗೋಲಿನಂತೆ ಬಾಗಿದ ಒಂದೇ ಬಗೆಯ ಎಲೆ ದಪ್ಪಗೆ ಹಾಸಿರುತ್ತದೆ, ಅದರಡಿಯಲ್ಲಿ ಬೇರೆ ಸಸಿ ಏಳುವುದು ಕಡಿಮೆ. ಕಾನಿನ ನೆಲದಲ್ಲಿ ಹತ್ತಾರು ಬಗೆಯ ಎಲೆ, ಅವುಗಳ ನಡುವೆ ಹತ್ತಾರು ಬಗೆಯ ಸಸಿ. ಎಲೆಗಳಲ್ಲಿ ಹಲವು ತುದಿಯಲ್ಲಿ ಉದ್ದಕ್ಕೆ ಚೂಪಾಗಿರುತ್ತವೆ. ಬಿದ್ದ ಮಳೆನೀರು ಎಲೆಯ ಮೇಲೆ ನಿಲ್ಲದೆ ಆ ತುದಿಯಿಂದ ಜಾರಿಹೋಗುತ್ತದೆ. ತಿಂಗಳುಗಟ್ಟಲೆ ಮಳೆ ಬೀಳುವ ಕಾಡಿಗೆ ಇದು ಅಗತ್ಯ.

ನಂತರ ತಲೆಯೆತ್ತಿ ನೋಡಿ. ಹೈಗದ ಮರದ ಕೊಂಬೆಗಳಲ್ಲಿ ಮುಳ್ಳುಮುಳ್ಳಾದ ಹಸಿರು ಉಂಡೆಗಳು ಕಾಣುತ್ತವೆ. ಎಲ್ಲರೂ ಅವುಗಳನ್ನು ಕಾಯಿ ಎಂದುಕೊಳ್ಳುತ್ತಾರೆ, ಆದರೆ ಅವು ಕೀಟವೊಂದು ಮರದಿಂದ ಕಟ್ಟಿಸಿಕೊಂಡ ಗಂಟುಗಳು. ಆ ಮರದ ನಿಜವಾದ ಕಾಯಿಗೆ ಎರಡು ರೆಕ್ಕೆಗಳಿರುತ್ತವೆ. ತೋಳುದ್ದದ ಗಣಪೆಕಾಯಿ ತೂಗುವ ಬಳ್ಳಿ, ಬೈನೆಯ ಜಡೆಯಂಥ ಹೂಗೊಂಚಲು, ಸಾಲುಧೂಪದ ಕಾಂಡದಿಂದ ಒಸರಿ ಗಟ್ಟಿಯಾದ ರಾಳ, ಇವೆಲ್ಲವೂ ರಸ್ತೆಯ ಅಂಚಿನಿಂದಲೇ ಕಾಣುವಂಥವು. ಹೆಬ್ಬಲಸು, ಉಪ್ಪಾಗೆ, ರಾಮಪತ್ರೆಗಳನ್ನು ನಿಮ್ಮ ತಾಯಿಯವರೇ ಗುರುತಿಸಿಯಾರು. ಅವರು ಹೇಳುವ ಹೆಸರುಗಳನ್ನು ಮಗಳು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ ಎಂಬುದು ನನ್ನ ಮನಃಪೂರ್ವಕ ವಿನಂತಿ. ಯಾವ ಮರಕ್ಕೆ ಯಾವ ಊರಿನಲ್ಲಿ ಏನೆನ್ನುತ್ತಾರೆಂಬುದು ಹಿರಿಯರ ನಾಲಗೆಯಲ್ಲಿ ಮಾತ್ರ ಉಳಿದಿರುವ ಹಲವು ಹೆಸರುಗಳಿವೆ, ಅವು ಯಾವ ಫಲಕದಲ್ಲಿಯೂ ಇಲ್ಲ.

ಬೆಳಗಿನ ಹೊತ್ತು ಹಳ್ಳದ ಬದಿಯಲ್ಲಿ ಯಾರೋ ಮನುಷ್ಯರು ಸೋಮಾರಿಯಾಗಿ ಸಿಳ್ಳೆ ಹಾಕುತ್ತಿರುವಂತೆ ಕೇಳಿದರೆ ಅದು ಸಿಳ್ಳೆ ಹಕ್ಕಿ. ಮೇಲೆ ರೈಲು ಹೋದಂತೆ ರೆಕ್ಕೆಯ ಭಾರವಾದ ಸದ್ದು ಬಂದರೆ ಮಂಗಟ್ಟೆ ಹಕ್ಕಿ. ಕೆಂದಳಿಲು ಸಾಮಾನ್ಯವಾಗಿ ಕಾಣಸಿಗುತ್ತದೆ. ಹಾರುವ ಓತಿ ಮರದ ತೊಗಟೆಯ ಬಣ್ಣದ್ದೇ ಆಗಿರುವುದರಿಂದ, ಅದು ಗಂಟಲಿನ ಚೀಲವನ್ನು ಹೊರಚಾಚುವವರೆಗೆ ಕಾಣುವುದಿಲ್ಲ. ಕಂಡ ಮೇಲೆ ಮಗು ಅಲ್ಲಿಂದ ಕದಲುವುದಿಲ್ಲ. ಸಿಂಗಳೀಕ ಕಾಣುವುದು ಅದೃಷ್ಟ. ಕಂಡರೂ ತಿನ್ನಲು ಏನನ್ನೂ ಕೊಡಬೇಡಿ. ಘಟ್ಟದ ರಸ್ತೆಗಳಲ್ಲಿ ತಿಂಡಿಗೆ ಹೊಂಚುಹಾಕುವ ಮಂಗಗಳನ್ನು ನಾವೇ ಹಾಗೆ ಮಾಡಿದ್ದೇವೆ, ಅವು ವಾಹನಕ್ಕೆ ಸಿಕ್ಕಿ ಸಾಯುತ್ತಿವೆ.

ಇನ್ನು ಎಚ್ಚರಿಕೆ. ಆಗುಂಬೆಯೆಂದರೆ ಕಾಳಿಂಗ ಸರ್ಪದ ನೆನಪಾಗಿ ಹೆದರುವವರಿದ್ದಾರೆ. ಕಾಳಿಂಗ ಮನುಷ್ಯರಿಂದ ದೂರವಿರಲು ಬಯಸುವ, ಮುಖ್ಯವಾಗಿ ಬೇರೆ ಹಾವುಗಳನ್ನೇ ತಿನ್ನುವ ಪ್ರಾಣಿ. ಅದು ಮನುಷ್ಯರನ್ನು ಕಚ್ಚುವುದು ತೀರ ಅಪರೂಪ. ನಿಜವಾಗಿ ಗಮನವಿಡಬೇಕಾದದ್ದು ಗುಳಿಮಂಡಲವೆಂಬ ವಿಷದ ಹಾವಿನ ಕಡೆಗೆ. ಅದು ತಗ್ಗಿನ ಕೊಂಬೆಯ ಮೇಲೋ ಪಾಚಿಗಟ್ಟಿದ ಕಲ್ಲಿನ ಮೇಲೋ ಗಂಟೆಗಟ್ಟಲೆ ಅಲುಗಾಡದೆ ಕುಳಿತಿರುತ್ತದೆ. ಆದ್ದರಿಂದ ನೋಡದೆ ಎಲ್ಲಿಯೂ ಕೈಯೂರಬೇಡಿ, ನೋಡದೆ ಎಲ್ಲಿಯೂ ಕೂರಬೇಡಿ. ನಿಮ್ಮ ತಾಯಿಯವರಿಗೆ ಮಡಚುವ ಕುರ್ಚಿಯೊಂದನ್ನು ನೀವೇ ಹೊತ್ತುಕೊಂಡು ಹೋಗುವುದು ಉತ್ತಮ. ಮರದ ಸೊನೆಯನ್ನು ಮುಟ್ಟದಂತೆ ಮಗಳಿಗೆ ಮೊದಲೇ ಹೇಳಿರಿ. ಹೊಲಗೇರಿನ ಸೊನೆ ತಾಗಿದರೆ ಚರ್ಮದಲ್ಲಿ ಗುಳ್ಳೆಗಳೆದ್ದು ದಿನಗಟ್ಟಲೆ ನೋಯುತ್ತದೆ.

ಕೊಪ್ಪೆ (ನಿವೃತ್ತ ಆರೋಗ್ಯ ಸಹಾಯಕಿ)

ಹಾದಿಯ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಸುರಗಿಯ ಕಾಲದಲ್ಲಿ ಹೋಗಬೇಕೆಂಬ ಮಾತನ್ನು ಓದಿ, ನಾನು ಬರೆಯದೆ ಇರುವುದು ಸರಿಯಲ್ಲವೆನ್ನಿಸಿತು. ಸುರಗಿ ಅರಳುವುದು ಫೆಬ್ರವರಿಯಿಂದ ಈಚೆಗೆ. ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಮಂಗನ ಕಾಯಿಲೆಯ ಭಯ ಹೆಚ್ಚಾಗಿರುವುದೂ ಅದೇ ತಿಂಗಳುಗಳಲ್ಲಿ.

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದ್ದರಿಂದಲೇ ವೈದ್ಯಕೀಯದಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು. ವೈರಸ್ಸನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಮಳೆ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಸಾಸಿವೆ ಕಾಳಿಗಿಂತಲೂ ಸಣ್ಣದಾದ ಮರಿ ಉಣುಗುಗಳು ತರಗೆಲೆಯ ಮೇಲೆ, ಪೊದೆಗಳ ತುದಿಯಲ್ಲಿ ತುಂಬಿರುತ್ತವೆ. ಅವು ಕಚ್ಚಿದ್ದು ಬಹಳಷ್ಟು ಸಲ ತಿಳಿಯುವುದೇ ಇಲ್ಲ. ಕೆಲವು ದಿನಗಳ ನಂತರ ಇದ್ದಕ್ಕಿದ್ದಂತೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ರಕ್ತಸ್ರಾವದವರೆಗೂ ಹೋಗುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಪ್ರಕರಣಗಳು ಕಂಡುಬಂದಿವೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಪಟ್ಟ ಪಾಡನ್ನು ಈ ಭಾಗದವರು ಮರೆತಿಲ್ಲ.

ನಾನು ಕೆಲಸದಲ್ಲಿದ್ದಾಗ ಮನೆಮನೆಗೆ ಹೋಗಿ ಮೈಗೆ ಹಚ್ಚುವ ತೈಲ ಹಂಚಿದ್ದೇನೆ. ಸೌದೆಗೆ, ದರಗಿಗೆ (ಒಣಗಿದ ಎಲೆಗೆ), ಉಪ್ಪಾಗೆ ಹೆಕ್ಕುವುದಕ್ಕೆ ಕಾಡಿಗೆ ಹೋಗದೆ ವಿಧಿಯಿಲ್ಲದ ಹೆಂಗಸರೇ ಹೆಚ್ಚಾಗಿ ಜ್ವರ ಹತ್ತಿಸಿಕೊಂಡು ಬರುತ್ತಿದ್ದರು. ಸಂತೋಷಕ್ಕಾಗಿ ಹೋಗುವವರಿಗೆ ತಿಂಗಳನ್ನು ಆರಿಸಿಕೊಳ್ಳುವ ಅವಕಾಶವಿದೆ. ದಯವಿಟ್ಟು ಅದನ್ನು ಬಳಸಿಕೊಳ್ಳಿ. ನವೆಂಬರ್ ಸರಿಯಾದ ತಿಂಗಳು.

ಒಂದು ವೇಳೆ ಬೇಸಿಗೆಯಲ್ಲಿಯೇ ಹೋಗುವುದಾದರೆ ಹೊರಡುವ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಆ ವರ್ಷ ಆ ಭಾಗದಲ್ಲಿ ಪ್ರಕರಣಗಳಿವೆಯೇ, ಮಂಗ ಸತ್ತ ವರದಿಯಿದೆಯೇ ಎಂದು ಕೇಳಿರಿ. ಇದ್ದರೆ ಪ್ರವಾಸವನ್ನು ಮುಂದೂಡಿ. ಇಲ್ಲವಾದರೂ ತುಂಬುತೋಳಿನ ಬಟ್ಟೆ ತೊಟ್ಟು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿಕೊಂಡು, ಡಾಂಬರು ರಸ್ತೆಯನ್ನು ಬಿಟ್ಟು ಇಳಿಯದೆ ನಡೆಯಿರಿ. ತರಗೆಲೆಯ ಮೇಲೆ ಯಾರೂ ಕೂರಬಾರದು. ಮೇಲಿನವರು ಹೇಳಿದ ಎಲೆ ಎಣಿಸುವ ಆಟವೂ ಆ ತಿಂಗಳುಗಳಲ್ಲಿ ಬೇಡ. ಮರಳಿದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಮಗುವಿನ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಸಂದಿಯಲ್ಲಿ ಹುಡುಕಿ ನೋಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯವರಿಗಾಗಲಿ ಆರೋಗ್ಯ ಇಲಾಖೆಯವರಿಗಾಗಲಿ ತಿಳಿಸಿ. ಬೆಂಗಳೂರಿಗೆ ಹಿಂದಿರುಗಿದ ಎರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಬೇಕು. ನಗರದ ವೈದ್ಯರು ತಾವಾಗಿ ಅದನ್ನು ಕೇಳುವ ಸಂಭವ ಕಡಿಮೆ.

ಹೊಳೆದಂಡೆ

ಮೂವರಿಗೂ ಕೃತಜ್ಞತೆಗಳು. ಮಂಗನ ಕಾಯಿಲೆಯ ಹೆಸರು ಕೇಳಿದ್ದೆನಾದರೂ ಅದರ ಕಾಲವೂ ಸುರಗಿಯ ಕಾಲವೂ ಒಂದೇ ಎಂಬುದು ನನಗೆ ಹೊಳೆದಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದೀಪಾವಳಿ ಕಳೆದ ಮೇಲೇ ಹೋಗೋಣ" ಎಂದರು.

ಇನ್ನೆರಡು ಪ್ರಶ್ನೆಗಳಿವೆ. ರಸ್ತೆಯಲ್ಲಿ ನಡೆಯುವುದಕ್ಕೂ ಅನುಮತಿ ಬೇಕೇ? ರಸ್ತೆಯಿಂದ ಹತ್ತು ಹೆಜ್ಜೆ ಒಳಗೆ ಹೋಗಿ ನಿಂತರೆ ಅದು ಅಪರಾಧವೇ? ಹಾಗೆಯೇ, ನಸುಕಿನಲ್ಲಿ ನಡಿಗೆ ಆರಂಭಿಸುವಷ್ಟು ಹತ್ತಿರದಲ್ಲಿ, ಮೆಟ್ಟಿಲಿಲ್ಲದ ತಂಗುದಾಣಗಳಿವೆಯೇ?

ಗಡಿಕಲ್ಲು

ನಿಯಮದ ವಿಚಾರ ನಾನು ಹೇಳುತ್ತೇನೆ, ಏಕೆಂದರೆ ಇದರಲ್ಲಿ ಬಹಳ ಜನ ಅರಿಯದೆ ತಪ್ಪು ಮಾಡುತ್ತಾರೆ.

ನೀವು ಕೇಳಿದ ಸೀಮೆಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಬೇರೆ ಬೇರೆ ಬಗೆಯ ರಕ್ಷಣೆಯಿರುವ ಕಾಡುಗಳಿವೆ. ಆಗುಂಬೆ ಮೀಸಲು ಅರಣ್ಯ. ಅದರ ಪಕ್ಕದ, ಘಟ್ಟದ ಕೆಳಗಿನವರೆಗೂ ಹಬ್ಬಿದ ಸೋಮೇಶ್ವರ 1974ರಲ್ಲಿ ಘೋಷಣೆಯಾದ ವನ್ಯಜೀವಿಧಾಮ. ಕುದುರೆಮುಖ ಸುಮಾರು 600 ಚದರ ಕಿ.ಮೀ. ವಿಸ್ತಾರದ, 1987ರಿಂದ ಇರುವ ರಾಷ್ಟ್ರೀಯ ಉದ್ಯಾನ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಮೂರೂ ಅದರಲ್ಲಿ ಸೇರಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿಯುಂಟು. ಉಳಿದಂತೆ ವನ್ಯಜೀವಿಧಾಮದೊಳಗೆ ಕಾಲಿಡಲು ಹೊರಗಿನವರಿಗೆ ಅನುಮತಿಪತ್ರ ಬೇಕು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಅನ್ವಯಿಸುತ್ತದೆ. ಹಾಗಾಗಿ ಹತ್ತು ಹೆಜ್ಜೆಯೂ ಹೆಜ್ಜೆಯೇ. ಮೀಸಲು ಅರಣ್ಯದಲ್ಲಿಯೂ ಸುಮ್ಮನೆ ನುಗ್ಗುವಂತಿಲ್ಲ.

ಹಾಗೆಂದು ಇದನ್ನು ಅಡ್ಡಿಯೆಂದು ತಿಳಿಯಬೇಡಿ. ಆಗುಂಬೆಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹಿಂದಿನ ದಿನವೇ ಹೋಗಿ, ವಯಸ್ಸಾದ ತಾಯಿ ಮತ್ತು ಮಗುವಿನೊಂದಿಗೆ ಬಂದಿದ್ದೇವೆ, ಇಂಥ ರಸ್ತೆಯಲ್ಲಿ ಬೆಳಿಗ್ಗೆ ನಡೆಯಬೇಕೆಂದಿದ್ದೇವೆ ಎಂದು ಹೇಳಿರಿ. ಯಾವ ಭಾಗದವರೆಗೆ ಹೋಗಬಹುದು, ಈಚೆಗೆ ಆನೆಯ ಸಂಚಾರವೇನಾದರೂ ಇದೆಯೇ, ಜೊತೆಗೆ ಬರುವ ಸ್ಥಳೀಯರು ಸಿಗುತ್ತಾರೆಯೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಶಿಖರಗಳ ಚಾರಣಕ್ಕೆ ಈಗ ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ನಿಮ್ಮ ನಡಿಗೆ ಆ ಬಗೆಯದಲ್ಲ. ಆದರೂ ಕುದುರೆಮುಖದ ಕಡೆಗೆ ಹೋಗುವ ಮನಸ್ಸಾದರೆ ಅದನ್ನೊಮ್ಮೆ ನೋಡಿಕೊಳ್ಳಿ.

ಕುದುರೆಮುಖದ ಬಗ್ಗೆ ಒಂದು ಮಾತು. ಕಾರ್ಕಳದಿಂದ ಮಾಳದ ಮೂಲಕ ಕಳಸಕ್ಕೆ ಹೋಗುವ ರಸ್ತೆ ಉದ್ಯಾನದ ನಡುವೆಯೇ ಹಾದುಹೋಗುತ್ತದೆ. ಆದರೆ ಅಲ್ಲಿ ತನಿಖಾ ಠಾಣೆಯಲ್ಲಿ ವಾಹನದ ಸಮಯವನ್ನು ಬರೆದುಕೊಳ್ಳುತ್ತಾರೆ. ಮನಸ್ಸಿಗೆ ಬಂದಲ್ಲಿ ನಿಲ್ಲಿಸಿ ಇಳಿದು ನಡೆಯುವಂತಿಲ್ಲ. ಕಣಿವೆಗಳಲ್ಲಿ ಶೋಲಾ ಕಾಡು, ಬೆನ್ನುಗಳಲ್ಲಿ ಹುಲ್ಲು, ಹೀಗೆ ಹೆಣೆದುಕೊಂಡ ಆ ನೋಟವನ್ನು ನಿಮ್ಮ ತಾಯಿಯವರು ಕಿಟಕಿಯಿಂದ ನೋಡಬಹುದು. ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತ ಜಾಗವದು. ಅದಕ್ಕಾಗಿ ಬಹಳ ಜನ ವರ್ಷಗಟ್ಟಲೆ ಹೋರಾಡಿದ್ದಾರೆ, ಆದ್ದರಿಂದ ಅಲ್ಲಿನ ಕಟ್ಟುನಿಟ್ಟನ್ನು ನಾನು ಗೌರವದಿಂದಲೇ ಪಾಲಿಸುತ್ತೇನೆ.

ತಂಗುವುದಕ್ಕೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಸೀತಾನದಿ ಪ್ರಕೃತಿ ಶಿಬಿರ ಹೆಬ್ರಿಯ ಬಳಿಯಿದೆ. ಘಟ್ಟದ ಕೆಳಗಿರುವುದರಿಂದ ಸೆಕೆ ಜಾಸ್ತಿ, ಆದರೆ ನೆಲ ಬಹುಮಟ್ಟಿಗೆ ಸಮ, ಹೊಳೆಯ ದಂಡೆಯೇ ಅಂಗಳ. ಆದರೂ ಕೊಠಡಿಗೆ ಎಷ್ಟು ಮೆಟ್ಟಿಲು, ಶೌಚಾಲಯ ಯಾವ ಬಗೆಯದು ಎಂದು ಕೇಳಿಕೊಂಡೇ ಕಾಯ್ದಿರಿಸಿ. ಅಲ್ಲಿಂದ ಆಗುಂಬೆಗೆ 14 ತಿರುವುಗಳ ಘಟ್ಟ ಹತ್ತಬೇಕಾಗುವುದರಿಂದ, ಬೆಳಗಿನ ನಡಿಗೆಗೆ ಆಗುಂಬೆಯಲ್ಲಿಯೇ ಅಥವಾ ತೀರ್ಥಹಳ್ಳಿ ರಸ್ತೆಯ ಮನೆತಂಗುವಿಕೆಗಳಲ್ಲಿ ಉಳಿಯುವುದು ಅನುಕೂಲ.

ಯಾರಾದರೂ ನಿಮಗೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗು ಕಾಡನ್ನು ಶಿಫಾರಸು ಮಾಡಬಹುದು. ಹೆಸರಿನಿಂದಲೇ ನಿಮ್ಮ ತಾಯಿಯವರಿಗೆ ಆಸೆಯಾದೀತು. ಅಲ್ಲಿ ಕಾಡುಜಾಯಿಕಾಯಿಯ ಜಾತಿಯ ಮರಗಳು ನೀರು ನಿಂತ ನೆಲದಲ್ಲಿ ಬೆಳೆದು, ಉಸಿರಾಡುವುದಕ್ಕಾಗಿ ಮಡಿಸಿದ ಮಂಡಿಯಂಥ ಬೇರುಗಳನ್ನು ಕೆಸರಿನಿಂದ ಮೇಲಕ್ಕೆತ್ತಿರುತ್ತವೆ. 2000ದಲ್ಲಿ ಅಲ್ಲಿಂದ ವಿಜ್ಞಾನಕ್ಕೆ ಹೊಸದಾದ ಒಂದು ಮರದ ಜಾತಿಯನ್ನೇ ವರ್ಣಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಇಂಥ ಕಡೆ ಪ್ರವಾಸಿಗರ ಕಾಲು ಬೀಳದಿರುವುದೇ ಕ್ಷೇಮ. ಆ ಬೇರುಗಳನ್ನು ತುಳಿಯದೆ ಅಲ್ಲಿ ನಡೆಯಲು ಸಾಧ್ಯವಿಲ್ಲ.

ತುಂಗಾತೀರ

ಗಡಿಕಲ್ಲು ಅವರು ಕಚೇರಿಯಲ್ಲಿ ವಿಚಾರಿಸಿಕೊಂಡು ಹೋಗುವಂತೆ ಹೇಳಿದ್ದು ಸರಿ. ನನ್ನ ಮೊದಲ ಉತ್ತರದಲ್ಲಿ ಅದನ್ನು ಬರೆಯಬೇಕಾಗಿತ್ತು. ಜೋಗಿಗುಂಡಿಯ ಕಾಲುದಾರಿಗೂ ಅಲ್ಲಿ ಕೇಳಿಕೊಂಡೇ ಹೋಗಿ. ಎಲೆಗುರುತು ಅವರ ಮಾತಿನಂತೆ ಕುಂದಾದ್ರಿಯನ್ನು ಬಿಟ್ಟರೂ ನನಗೆ ಬೇಸರವಿಲ್ಲ, ಆದರೆ ಎರಡನೆಯ ದಿನದ ಸಂಜೆಗೆ ಮಳೆಯಿಲ್ಲದಿದ್ದರೆ ಯೋಚಿಸಿ.

ಈಗ ಸುರಗಿಯ ವಿಚಾರ. ಅದನ್ನು ನೋಡಲು ಕಾಡಿಗೇ ಹೋಗಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಹಳೆಯ ಮನೆಗಳ ಹಿತ್ತಿಲಿನಲ್ಲಿ, ದೇವಸ್ಥಾನಗಳ ಪಕ್ಕದಲ್ಲಿ ಸುರಗಿಯ ಮರಗಳನ್ನು ಉಳಿಸಿಕೊಂಡವರು ಇದ್ದಾರೆ. ಹೂ ಕೊಂಬೆಗಳಿಗೇ ಅಂಟಿಕೊಂಡು ಗೊಂಚಲಾಗಿ ಬಿಡುವುದರಿಂದ ಮರ ಎತ್ತರವಿದ್ದರೂ ಕೆಳಗೆ ನಿಂತವರಿಗೆ ಕಾಣುತ್ತದೆ; ಕಾಣುವ ಮೊದಲೇ ಪರಿಮಳ ತಿಳಿಸುತ್ತದೆ. ಗುಡಿಸಿದ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತು ನೋಡಲು ಉಣುಗಿನ ಭಯ ಅಷ್ಟಿಲ್ಲ. ಆದರೂ ಕೊಪ್ಪೆಯವರು ಹೇಳಿದಂತೆ ಆ ವರ್ಷದ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದನ್ನು ಬಿಡಬೇಡಿ. ನವೆಂಬರ್‌ನಲ್ಲಿ ಬಂದಾಗ ನೀವು ಉಳಿದುಕೊಂಡ ಮನೆಯವರಲ್ಲಿಯೇ ಕೇಳಿ ನೋಡಿ, ಯಾರ ಹಿತ್ತಿಲಿನಲ್ಲಿ ಮರವಿದೆಯೆಂದು ಅವರು ಹೇಳುತ್ತಾರೆ. ಅರಳಿದಾಗ ತಿಳಿಸಿ ಎಂದರೆ ತಿಳಿಸುತ್ತಾರೆ. ಬರಲಾಗದಿದ್ದರೆ ಒಣಗಿದ ಸರವನ್ನಾದರೂ ಕಳುಹಿಸಿಕೊಡುವವರು ಇದ್ದಾರೆ. ಒಣಗಿದರೂ ಸುರಗಿಯ ವಾಸನೆ ಹೋಗುವುದಿಲ್ಲವೆಂಬುದು ನಿಮ್ಮ ತಾಯಿಯವರಿಗೆ ಗೊತ್ತಿರುತ್ತದೆ.

ಹೊಳೆದಂಡೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನು ಋಣಿ. ನವೆಂಬರ್ ಎರಡನೆಯ ವಾರ ಎರಡು ರಾತ್ರಿ ಆಗುಂಬೆಯಲ್ಲಿ ಉಳಿದು, ಎರಡೂ ಬೆಳಿಗ್ಗೆ ಮಲ್ಲಂದೂರಿನ ರಸ್ತೆಯಲ್ಲಿಯೇ ನಡೆಯುವುದೆಂದು ನಿಶ್ಚಯಿಸಿದ್ದೇವೆ. ಮಗಳು ಹೆಸರು ಬರೆದುಕೊಳ್ಳುವ ಪುಸ್ತಕಕ್ಕೆ ಈಗಾಗಲೇ ರಟ್ಟು ಹಾಕಿದ್ದಾಳೆ. ಹೈಗದ ಗಂಟಿನ ವಿಚಾರ ಓದಿ ಹೇಳಿದಾಗ ಅಮ್ಮ ಬಹಳ ಹೊತ್ತು ನಂಬಲಿಲ್ಲ. ಚಿಕ್ಕಂದಿನಲ್ಲಿ ಅದನ್ನು ಕಾಯಿಯೆಂದೇ ಕಿತ್ತು ಆಡಿದ್ದರಂತೆ. ರೆಕ್ಕೆಯಿರುವ ನಿಜವಾದ ಕಾಯಿಯನ್ನು ಕಣ್ಣಿನಿಂದ ನೋಡಿದ ಮೇಲೆಯೇ ಒಪ್ಪುತ್ತೇನೆ ಎಂದಿದ್ದಾರೆ.

ಎಲೆಗುರುತು

ಹೈಗದ ರೆಕ್ಕೆಕಾಯಿ ನವೆಂಬರ್‌ನಲ್ಲಿ ಸಿಗದೆ ಹೋಗಬಹುದು, ಗಂಟುಗಳಂತೂ ಸಿಗುತ್ತವೆ. ಕೆಳಗೆ ಬಿದ್ದ ಒಂದು ಗಂಟನ್ನು ಅಲ್ಲಿಯೇ ಬಿಡಿಸಿ ನೋಡಿ; ಒಳಗೆ ಬೀಜವಿರುವುದಿಲ್ಲ, ಅದನ್ನು ಕಂಡರೆ ನಿಮ್ಮ ತಾಯಿಯವರು ಒಪ್ಪಿಯಾರು. ಹೊರಡುವ ಮೊದಲು ಅವರ ಕೋಲಿನ ತುದಿಯ ರಬ್ಬರನ್ನು ಹೊಸದಾಗಿ ಹಾಕಿಸಿ. ನವೆಂಬರ್‌ನಲ್ಲಿಯೂ ನೆರಳಿರುವ ಕಡೆ ಡಾಂಬರಿನ ಅಂಚಿಗೆ ಪಾಚಿ ಕಟ್ಟಿರುತ್ತದೆ, ಸವೆದ ರಬ್ಬರ್ ಅಲ್ಲಿ ನಿಲ್ಲುವುದಿಲ್ಲ.